ಬೂತಾಯಿ: ನವೆಂಬರ್‌ನಲ್ಲಿ ಮೊಟ್ಟೆ ಯಾಕಿಲ್ಲ, ಕೆಲವು ವರ್ಷ ಮೀನೇ ಯಾಕಿಲ್ಲ?

ಅಳಿವೆಬಾಗಿಲು ಕೇಳಿದ್ದು:

ಪದವಿ ತರಗತಿಯ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪ್ರಾಜೆಕ್ಟ್ ಆಗಿ ಬೂತಾಯಿ ಮೀನನ್ನು ಆರಿಸಿದ್ದೇವೆ. ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಅನ್ನುತ್ತಾರಲ್ಲ, ಅದೇ. ನವೆಂಬರ್ ಎರಡನೇ ವಾರ ಮಲ್ಪೆಯಿಂದ ತಂದ ಎರಡು ಕಿಲೋ ಮೀನಿನಲ್ಲಿ ಕಿಲೋಕ್ಕೆ 55–60ರಂತೆ ಇದ್ದವು. ಬಹುತೇಕ ಎಲ್ಲವೂ 12–13 ಸೆಂಟಿಮೀಟರ್. ಸಂಶಯಗಳು ಇಷ್ಟು:

ಒಂದೆರಡು ಮೀನು ಪೇಡಿಯಂತೆ (ಬೂತಾಯಿಯನ್ನೇ ಹೋಲುವ ಅದರ ಬಳಗದ ಮೀನು) ಕಂಡವು. ಐಸ್‌ನಲ್ಲಿ ಕೂತು ಬಣ್ಣ ಹೋದ ಮೇಲೆ ಬೂತಾಯಿಯನ್ನೂ ಪೇಡಿಯನ್ನೂ ಖಚಿತವಾಗಿ ಬೇರ್ಪಡಿಸುವುದು ಹೇಗೆ? ಹೊಟ್ಟೆ ಸೀಳಿದರೆ ಯಾವುದರಲ್ಲೂ ಮೊಟ್ಟೆ ಇಲ್ಲ, ಗಂಡೋ ಹೆಣ್ಣೋ ಎಂದೇ ತಿಳಿಯುವುದಿಲ್ಲ. ಜಠರದಲ್ಲಿ ಹಸಿರು ಮಿಶ್ರಿತ ಕಂದು ಬಣ್ಣದ ಗಂಜಿಯಂಥದ್ದು ಇದೆ, ಅದೇನು? ಕೊನೆಯದು, ವಿದ್ಯಾರ್ಥಿಗಳು ಕೇಳುತ್ತಿರುವ ದೊಡ್ಡ ಪ್ರಶ್ನೆ: ಒಂದು ವರ್ಷ ರಾಶಿ ರಾಶಿ ಬರುವ ಮೀನು ಇನ್ನೊಂದು ವರ್ಷ ಮಾಯವಾಗುವುದು ಯಾಕೆ?

ಧಕ್ಕೆಯ ಮೂಲೆ:

ಮೊದಲು ಗುರುತಿನ ವಿಷಯ ಮುಗಿಸೋಣ. ಬುಟ್ಟಿಯಲ್ಲಿ ಪೇಡಿ ಬೆರೆತಿದ್ದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಬಣ್ಣವನ್ನು ನಂಬಬೇಡಿ. ಹಸಿ ಬೂತಾಯಿಗೆ ಕಿವಿರು ಮುಚ್ಚಳದ ಹಿಂಬದಿಯ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ, ಅದರ ಹಿಂದೆ ಮಸುಕಾದ ಹೊನ್ನಿನ ಚುಕ್ಕೆ, ಅಲ್ಲಿಂದ ಮೈಯ ನಡುವಿನಲ್ಲಿ ತೆಳುವಾದ ಹೊನ್ನಿನ ಗೆರೆ ಇರುತ್ತದೆ. ಐಸ್‌ನಲ್ಲಿ ಅರ್ಧ ದಿನ ಕಳೆದರೆ ಹೊನ್ನು ಹೋಗುತ್ತದೆ. ಹುರುಪೆ ಉದುರಿದರೆ ಬೆನ್ನಿನ ನೀಲಿ ಹಸಿರೂ ಬೂದಿಯಾಗುತ್ತದೆ. ಆದರೆ ಒಂದು ಗುರುತು ಸ್ವಲ್ಪ ಹೊತ್ತು ತಾಳುತ್ತದೆ: ಪೇಡಿ ಗುಂಪಿನವಕ್ಕೆ (ಸಾರ್ಡಿನೆಲ್ಲಾ ಗಿಬೋಸಾ, ಫಿಂಬ್ರಿಯಾಟಾ) ಬೆನ್ನಿನ ಈಜುರೆಕ್ಕೆ ಶುರುವಾಗುವ ಬುಡದಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಬೂತಾಯಿಗೆ (ಸಾರ್ಡಿನೆಲ್ಲಾ ಲಾಂಗಿಸೆಪ್ಸ್) ಇರುವುದಿಲ್ಲ.

ಕೊಳೆತರೂ ಬದಲಾಗದ ಗುರುತು ಹೊಟ್ಟೆಯಡಿಯ ಈಜುರೆಕ್ಕೆಯ ಕಡ್ಡಿಗಳ ಎಣಿಕೆ. ಬೂತಾಯಿಗೆ 9: ಕವಲೊಡೆಯದ್ದು 1, ಕವಲೊಡೆದದ್ದು 8. ಪೇಡಿಗಳಿಗೆ ಒಟ್ಟು 8. ನಮ್ಮ ಕರಾವಳಿಯ ಸಾರ್ಡಿನೆಲ್ಲಾಗಳಲ್ಲಿ 9 ಇರುವುದು ಬೂತಾಯಿಗೆ ಮಾತ್ರ. ರೆಕ್ಕೆಯನ್ನು ಬುಡದಿಂದ ಕತ್ತರಿಸಿ ನೀರಿರುವ ಬಿಳಿ ತಟ್ಟೆಯಲ್ಲಿ ಸೂಜಿಯಿಂದ ಬಿಡಿಸಿ, ಬುಡದ ಕಡೆಯಿಂದ ಎಣಿಸಿ. ತುದಿಯ ಕಡೆಯಿಂದ ಎಣಿಸಿದರೆ ಕವಲುಗಳೇ ಬೇರೆ ಬೇರೆ ಕಡ್ಡಿಯಂತೆ ಕಂಡು 12, 14 ಎಂದೆಲ್ಲ ಬರುತ್ತದೆ. ಒಣಗಿದ ರೆಕ್ಕೆಯಲ್ಲಿ ಮೊದಲನೆಯ ಗಿಡ್ಡ ಕಡ್ಡಿ ಎರಡನೆಯದಕ್ಕೆ ಅಂಟಿಕೊಂಡು 8 ಎನಿಸುತ್ತದೆ. ವಿದ್ಯಾರ್ಥಿಗಳು ತಪ್ಪುವುದು ಹೆಚ್ಚಾಗಿ ಅಲ್ಲೇ.

ಎರಡನೆಯ ಸಾಕ್ಷಿ ಕಿವಿರಿನೊಳಗಿದೆ. ಮುಚ್ಚಳ ಕತ್ತರಿಸಿ ಮೊದಲನೆಯ ಕಿವಿರು ಕಮಾನನ್ನು ಹೊರತೆಗೆಯಿರಿ. ಕೆಂಪು ಎಸಳುಗಳ ಎದುರುಬದಿಯಲ್ಲಿ ಬಾಚಣಿಗೆ ಹಲ್ಲಿನಂತೆ ಇರುವುದೇ ಗಿಲ್ ರೇಕರ್. ಬೂತಾಯಿಯಲ್ಲಿ ಕಮಾನಿನ ಕೆಳತೋಳಿನಲ್ಲೇ 150ರಿಂದ 250ರವರೆಗೆ ಇರುತ್ತವೆ. ಗಿಬೋಸಾದಲ್ಲಿ 45ರಿಂದ 59, ಫಿಂಬ್ರಿಯಾಟಾದಲ್ಲಿ 54ರಿಂದ 82. ಎಣಿಸುವ ತಾಳ್ಮೆ ಇಲ್ಲದಿದ್ದರೂ ಪರವಾಗಿಲ್ಲ, ಭೂತಗನ್ನಡಿಯಲ್ಲಿ ಒಂದು ಮಖಮಲ್ಲಿನಂತೆ, ಇನ್ನೊಂದು ಬಾಚಣಿಗೆಯಂತೆ ಕಾಣುತ್ತದೆ. ಒಂದು ಎಚ್ಚರ: ಮೀನು ಬೆಳೆದಂತೆ ರೇಕರ್‌ಗಳ ಸಂಖ್ಯೆಯೂ ಏರುತ್ತದೆ. 6–7 ಸೆಂಟಿಮೀಟರಿನ ಮರಿಯಲ್ಲಿ ಕಡಿಮೆ ಸಿಕ್ಕಿತೆಂದು ಅದನ್ನು ಪೇಡಿ ಎಂದು ಬರೆದುಬಿಡಬೇಡಿ. ಮರಿಗಳಿಗೆ ಕಡ್ಡಿಯ ಎಣಿಕೆಯೇ ಸರಿ.

ತಲೆಯ ಉದ್ದವೂ ನೆರವಾಗುತ್ತದೆ. ಲಾಂಗಿಸೆಪ್ಸ್ ಅಂದರೆ ಉದ್ದ ತಲೆಯದ್ದು. ಬಾಲದ ರೆಕ್ಕೆ ಬಿಟ್ಟು ಅಳೆದ ಉದ್ದದಲ್ಲಿ ತಲೆ ಶೇ. 29–35. 110 ಮಿಲಿಮೀಟರ್ ಮೀನಿಗೆ 34 ಮಿಲಿಮೀಟರ್ ತಲೆ ಇದ್ದರೆ ಶೇ. 31, ಸರಿ ಹೋಯಿತು. ಇನ್ನು ಬೊಳಿಂಜಿರ್ ಎಂಬ ಬೇರೆ ಮೀನು ಬೆರೆತೀತೆಂಬ ಗಾಬರಿ ಬೇಡ; ಅದು ಗಾತ್ರದಲ್ಲೇ ಚಿಕ್ಕದು, ಮೈಯುದ್ದಕ್ಕೂ ಬೆಳ್ಳಿಯ ಅಗಲ ಪಟ್ಟಿ ಇರುತ್ತದೆ.

ಪಾರ್ಶ್ವರೇಖೆ ಹುಡುಕುತ್ತಾ ಕೂರಬೇಡಿ ಅಂತಲೂ ಮಕ್ಕಳಿಗೆ ಹೇಳಿ. ಹೆರ್ರಿಂಗ್ ಬಳಗದ ಮೀನುಗಳಿಗೆ ಮೈಮೇಲೆ ಅದು ಇರುವುದಿಲ್ಲ, ತಲೆಯಲ್ಲಿ ಮಾತ್ರ ಆ ನಾಳಗಳಿವೆ. ಅದರ ಬದಲು ಗಾಳಿಚೀಲದಿಂದ ಒಳಗಿವಿಗೆ ನೇರ ಸಂಪರ್ಕವಿದೆ. ಎಂಜಿನ್ ಸದ್ದಿಗೆ ಇಡೀ ಹಿಂಡು ಒಮ್ಮೆಲೇ ಮುಳುಗುವುದು ಅದರಿಂದಲೇ.

ಲೆಕ್ಕದ ಪುಸ್ತಕ:

ಮೊಟ್ಟೆಯ ಪ್ರಶ್ನೆಗೆ ಬರುತ್ತೇನೆ. ನೀವು ಸೀಳಿದ್ದು ದೊಡ್ಡ ಮೀನಲ್ಲ, ಆ ವರ್ಷದ ಮಳೆಗಾಲದಲ್ಲೇ ಹುಟ್ಟಿದ ನಾಲ್ಕೈದು ತಿಂಗಳಿನ ಕೂಸುಗಳು.

ಬೂತಾಯಿ ಮೊಟ್ಟೆ ಇಡುವುದು ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜೂನ್–ಆಗಸ್ಟ್ ಜೋರು. ತೀರಾ ದಡದಲ್ಲಲ್ಲ, ಸ್ವಲ್ಪ ಹೊರಗೆ, ಆದರೆ ಭೂಖಂಡದಂಚಿನ ಆಳವಿಲ್ಲದ ನೀರಿನಲ್ಲೇ. ಮೊಟ್ಟೆ ತಳಕ್ಕೆ ಅಂಟುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಒಂದು ಹೆಣ್ಣು ಇಡುವುದು ಹತ್ತಾರು ಸಾವಿರ. ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಬೆರಳುದ್ದದ ಮರಿಗಳು ದಡದ ಹತ್ತಿರ ಸೇರುತ್ತವೆ. ಮೊದಲ ಆರು ತಿಂಗಳು ಬಹಳ ವೇಗವಾಗಿ ಬೆಳೆದು, ಒಂದು ವರ್ಷ ತುಂಬುವಾಗ 14–16 ಸೆಂಟಿಮೀಟರ್ ಆಗುತ್ತವೆ. ಮೊದಲ ಸಲ ಮೊಟ್ಟೆಗಟ್ಟುವುದೂ ಅದೇ ಅಳತೆಯಲ್ಲಿ. 20 ದಾಟುವುದು ಅಪರೂಪ. ಆಯುಸ್ಸು ಸುಮಾರು ಎರಡೂವರೆ ವರ್ಷ. ಈ ಎರಡೂವರೆ ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ನಿಮ್ಮ ಕೊನೆಯ ಪ್ರಶ್ನೆಗೆ ಅದು ಬೇಕಾಗುತ್ತದೆ.

ಹಾಗಾಗಿ ನವೆಂಬರಿನ 12 ಸೆಂಟಿಮೀಟರ್ ಮೀನಿನಲ್ಲಿ ಅಂಡಾಶಯ ಅನ್ನುವುದು ಬೆನ್ನೆಲುಬಿನ ಕೆಳಗೆ ಅಂಟಿಕೊಂಡ ಎರಡು ನೂಲು ಅಷ್ಟೇ. ಗಂಡು ಹೆಣ್ಣು ಬರಿಗಣ್ಣಿಗೆ ತಿಳಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಸಣ್ಣ ತುಂಡನ್ನು ಗಾಜಿನ ನಡುವೆ ಒತ್ತಿದರೆ ಹೆಣ್ಣಿನಲ್ಲಿ ದುಂಡು ಕೋಶಗಳು ಕಾಣಿಸುತ್ತವೆ. ಅದೂ ಕಾಣದಿದ್ದರೆ "ಗುರುತಿಸಲಾಗದು" ಎಂದೇ ಬರೆಯಿರಿ. ಅಂದಾಜಿನಲ್ಲಿ ಗಂಡು ಎಂದು ತುಂಬಿಸಿದರೆ ಗಂಡು-ಹೆಣ್ಣಿನ ಅನುಪಾತ ಪೂರ್ತಿ ಸುಳ್ಳಾಗುತ್ತದೆ.

ಅಳತೆಯ ಬಗ್ಗೆ ಎರಡು ಮಾತು. ಒಟ್ಟು ಉದ್ದ ಅಂದರೆ ಮೂತಿಯ ತುದಿಯಿಂದ ಬಾಲದ ಉದ್ದನೆಯ ಎಸಳಿನ ತುದಿವರೆಗೆ. ಮೇಲಿನವರು ತಲೆಗೆ ಹೇಳಿದ್ದು ಬಾಲ ಬಿಟ್ಟ ಉದ್ದ. ಇವೆರಡನ್ನೂ ಒಂದೇ ಕಾಲಮ್‌ನಲ್ಲಿ ಬೆರೆಸಿ ಆಮೇಲೆ ಮೀನು ಕುಗ್ಗಿದೆ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ! ಮಿಲಿಮೀಟರ್‌ನಲ್ಲಿ ಬರೆದು, 5 ಮಿಲಿಮೀಟರಿನ ಗುಂಪು ಮಾಡಿ, ತಿಂಗಳಿಗೆ ಕನಿಷ್ಠ 100 ಮೀನಿನ ಸ್ತಂಭಚಿತ್ರ ಬರೆಸಿ. ಶಿಖರ ತಿಂಗಳಿಂದ ತಿಂಗಳಿಗೆ ಬಲಕ್ಕೆ ಸರಿಯುತ್ತಾ ಹೋದರೆ ಅದೇ ಬೆಳವಣಿಗೆ.

ಆದರೆ "ಎಲ್ಲವೂ 12–13" ಅಂದಿರಲ್ಲ, ಅದಕ್ಕೆ ಮರುಳಾಗಬೇಡಿ. ಈಜಿನ ವೇಗ ಮೈಯುದ್ದದ ಮೇಲೆ ನಿಂತಿದೆ. 12ರ ಮೀನು 18ರ ಹಿಂಡಿನ ಜೊತೆ ಹೆಚ್ಚು ಹೊತ್ತು ಓಡಲಾರದು. ಆದ್ದರಿಂದ ಹಿಂಡು ತಾನಾಗಿಯೇ ಒಂದೇ ಅಳತೆಯದಾಗುತ್ತದೆ. ಒಂದು ಪರ್ಸೀನ್ (ಹಿಂಡನ್ನೇ ಸುತ್ತುವರಿದು ಹಿಡಿಯುವ ಬಲೆ) ಬೋಟಿನ ಮೀನು ಅಂದರೆ ಹೆಚ್ಚುಕಡಿಮೆ ಒಂದೇ ಹಿಂಡು. ಅದೇ ದಿನ ಪಕ್ಕದ ಬೋಟಿನಲ್ಲಿ 17ರ ಮೀನೇ ತುಂಬಿರಬಹುದು. ಎರಡು ಕಿಲೋ ಒಂದೇ ಬುಟ್ಟಿಯಿಂದ ತರುವ ಬದಲು ನಾಲ್ಕು ಬೋಟಿನಿಂದ ಅರ್ಧರ್ಧ ಕಿಲೋ ತನ್ನಿ. ಪಟ್ಟಬಲೆಯ (ಮೀನು ಕಣ್ಣಿಗೆ ಸಿಕ್ಕಿಕೊಳ್ಳುವ ಬಲೆ) ಮೀನಾದರೆ ಬಲೆಯ ಕಣ್ಣೇ ಅಳತೆ ಆರಿಸಿಬಿಟ್ಟಿರುತ್ತದೆ. ಯಾವ ಬಲೆ ಎಂದು ಪ್ರತಿ ಸ್ಯಾಂಪಲ್‌ಗೂ ಬರೆದಿಡಿ.

ಮೊಟ್ಟೆಗಟ್ಟುವ ಹಂತ ಅಳೆಯಲು ಅಂಡಾಶಯದ ತೂಕವನ್ನು ಮೀನಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. 45 ಗ್ರಾಂ ಮೀನು, 2.7 ಗ್ರಾಂ ಅಂಡಾಶಯ ಅಂದರೆ 6. ನವೆಂಬರಿನ ಮರಿಗಳಲ್ಲಿ ಇದು ಒಂದಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಅಡುಗೆಮನೆಯ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವುದು ಬೇಕು, ಮರಿಗಳಿಗೆ 0.001 ಇದ್ದರೆ ಒಳ್ಳೆಯದು. ಸೆಪ್ಟೆಂಬರ್–ಅಕ್ಟೋಬರಿನ ದೊಡ್ಡ ಮೀನುಗಳಲ್ಲಿ ಇನ್ನೊಂದು ಬಲೆ ಇದೆ: ಮೊಟ್ಟೆ ಇಟ್ಟು ಮುಗಿಸಿದ ಅಂಡಾಶಯವೂ ಸಣ್ಣದಾಗಿಯೇ ಕಾಣುತ್ತದೆ. ಬಲಿಯದ್ದಾದರೆ ಬಿಗಿಯಾಗಿ, ನಸುಬಣ್ಣದಲ್ಲಿ, ಬಹುತೇಕ ಪಾರದರ್ಶಕವಾಗಿರುತ್ತದೆ. ಇಟ್ಟು ಮುಗಿಸಿದ್ದಾದರೆ ಖಾಲಿ ಚೀಲದಂತೆ ಜೋತು, ಸುಕ್ಕಾಗಿ, ಕೆಂಪಡರಿರುತ್ತದೆ. 16 ಸೆಂಟಿಮೀಟರ್ ದಾಟಿದ ಮೀನಿನಲ್ಲಿ ಸಣ್ಣ ಅಂಡಾಶಯ ಕಂಡರೆ ಮೊದಲು ಎರಡನೆಯದನ್ನೇ ಸಂಶಯಿಸಿ.

ಜೊತೆಗೆ ಕರುಳಿನ ಸುತ್ತಲಿನ ಕೊಬ್ಬನ್ನು 0ರಿಂದ 3ರವರೆಗೆ ಅಂಕ ಕೊಟ್ಟು ಬರೆಯಿಸಿ. 0 ಅಂದರೆ ಇಲ್ಲ, 3 ಅಂದರೆ ಕರುಳೇ ಕಾಣದಷ್ಟು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೊಬ್ಬು ತುಂಬಿರುತ್ತದೆ (ಕಾವಲಿಗೆ ಎಣ್ಣೆ ಹಾಕದೆಯೇ ಕಾಯಿಸಬಹುದು ಅನ್ನುವ ಕಾಲ), ಬೇಸಿಗೆಯ ಕೊನೆಗೆ ಕರಗಿರುತ್ತದೆ. ಆ ಕೊಬ್ಬೇ ಮುಂದೆ ಮೊಟ್ಟೆಯಾಗುವುದು. ಎರಡು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಹಾಕಿದರೆ ಒಂದು ಇಳಿಯುತ್ತಿದ್ದಂತೆ ಇನ್ನೊಂದು ಏರುವುದು ಕಾಣುತ್ತದೆ. ವಿದ್ಯಾರ್ಥಿಗಳ ವರದಿಯಲ್ಲಿ ಇಷ್ಟು ಒಳ್ಳೆಯ ಚಿತ್ರ ಬೇರೆ ಸಿಗಲಿಕ್ಕಿಲ್ಲ.

ಪ್ಲವಕಪ್ರಿಯ:

ಆ ಗಂಜಿ ಡಯಾಟಮ್. ಗಾಜಿನಂಥ ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ. ಬೂತಾಯಿಯ ಮುಖ್ಯ ಊಟ ಅದೇ. ಮಖಮಲ್ಲಿನಂಥ ರೇಕರ್ ಎಂದರಲ್ಲ ಮೇಲೆ, ಅದು ಈ ಸಣ್ಣ ಕಣಗಳನ್ನು ಸೋಸುವ ಜರಡಿ. ಮರಿಗಳ ಜರಡಿ ಇನ್ನೂ ವಿರಳವಾಗಿರುವುದರಿಂದ ಅವುಗಳ ಹೊಟ್ಟೆಯಲ್ಲಿ ಕೋಪಿಪಾಡ್‌ನಂಥ ಪ್ರಾಣಿಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು) ಹೆಚ್ಚು.

ನೋಡುವ ಕ್ರಮ: ಮೀನು ಕೈಗೆ ಬಂದ ಕೂಡಲೇ ಉದ್ದ, ತೂಕ ಬರೆದುಕೊಳ್ಳಿ. ಮೊದಲು ತೂಕ, ಆಮೇಲೆ ಫಾರ್ಮಾಲಿನ್. ಫಾರ್ಮಾಲಿನ್‌ನಲ್ಲಿಟ್ಟ ಮೀನಿನ ಉದ್ದವೂ ತೂಕವೂ ಬದಲಾಗುತ್ತವೆ. ಜಠರವನ್ನು ಎರಡೂ ತುದಿ ನೂಲಿನಿಂದ ಕಟ್ಟಿ ಕತ್ತರಿಸಿ ಶೇ. 5ರ ಫಾರ್ಮಾಲಿನ್‌ನಲ್ಲಿ ಹಾಕಿ. ಕಟ್ಟದಿದ್ದರೆ ಒಳಗಿನದು ಸೋರಿ ಯಾವ ಮೀನಿನದ್ದು ಯಾವುದೆಂದೇ ತಿಳಿಯುವುದಿಲ್ಲ. ಇಡೀ ಮೀನನ್ನು ಫಾರ್ಮಾಲಿನ್‌ಗೆ ಹಾಕುವುದಾದರೆ ಹೊಟ್ಟೆ ಸೀಳಲೇಬೇಕು. ಇಲ್ಲದಿದ್ದರೆ ದ್ರಾವಣ ಒಳಗೆ ಹೋಗುವ ಮೊದಲೇ ಜೀರ್ಣರಸ ತನ್ನ ಕೆಲಸ ಮುಗಿಸಿರುತ್ತದೆ. ಕಿಟಕಿ ತೆರೆದಿಡಿ, ಕೈಗವಸು ಹಾಕಿಸಿ. ಆ ಮೀನನ್ನು ಯಾರೂ ಮನೆಗೆ ಒಯ್ಯದಂತೆ ನೋಡಿಕೊಳ್ಳಿ, ಬೆಕ್ಕಿಗೂ ಬೇಡ.

ಜಠರದೊಳಗಿನದನ್ನು ಅಳತೆ ಮಾಡಿದ ನೀರಿನಲ್ಲಿ, ಉದಾಹರಣೆಗೆ 10 ಮಿಲಿಲೀಟರ್, ಕದಡಿ, ಅಲುಗಾಡಿಸಿ, 1 ಮಿಲಿಲೀಟರನ್ನು ಸೆಡ್ಜ್‌ವಿಕ್-ರಾಫ್ಟರ್ ಕೋಶದಲ್ಲಿ (ಎಣಿಕೆಗೆಂದು ಚೌಕ ಗೀಚಿದ ಗಾಜಿನ ಪಟ್ಟಿ) ಹಾಕಿ. ಅದರಲ್ಲಿ ಸಾವಿರ ಚೌಕವಿರುತ್ತವೆ. ಐವತ್ತೋ ನೂರೋ ಚೌಕ ಅಲ್ಲಲ್ಲಿ ಆರಿಸಿ ಎಣಿಸಿದರೆ ಸಾಕು. ಬಿಲ್ಲೆಯಂತಿದ್ದರೆ ಕಾಸಿನೋಡಿಸ್ಕಸ್, ಹಿಗ್ಗಿದ ಎಸ್ ಆಕಾರ ಪ್ಲ್ಯೂರೋಸಿಗ್ಮಾ, ಕಡ್ಡಿಗಳನ್ನು ಪಕ್ಕಪಕ್ಕ ಅಂಟಿಸಿದ ರಿಬ್ಬನ್ನಿನಂತಿದ್ದರೆ ಫ್ರಾಜಿಲೇರಿಯಾ. ಈ ಕೊನೆಯದಕ್ಕೆ ನಮ್ಮ ತೀರದಲ್ಲಿ ವಿಶೇಷ ಹೆಸರಿದೆ. ಫ್ರಾಜಿಲೇರಿಯಾ ಓಷಿಯಾನಿಕಾ ಹೆಚ್ಚಿದ ವರ್ಷ ಬೂತಾಯಿಯೂ ಹೆಚ್ಚು ಎಂದು 1950ರ ದಶಕದಲ್ಲೇ ಕಲ್ಲಿಕೋಟೆಯ ಕಡಲಿನಲ್ಲಿ ನಡೆದ ಅಧ್ಯಯನಗಳು ತೋರಿಸಿದ್ದವು.

ಜಠರ ಖಾಲಿ ಸಿಕ್ಕಿದರೆ ಮೀನು ಉಪವಾಸ ಇತ್ತು ಎಂದು ಬರೆಯಬೇಡಿ. ಬಲೆಯಲ್ಲಿ ಒತ್ತಿಕೊಂಡಾಗ ಕಾರಿಕೊಂಡಿರಬಹುದು, ಅಥವಾ ಐಸ್ ಸಾಲದೆ ಜೀರ್ಣವಾಗಿರಬಹುದು. ಹೊಟ್ಟೆ ತುಂಬ ತಿಂದ ಮೀನು ಬಿಸಿಲಿಗೆ ಸಿಕ್ಕರೆ ತನ್ನ ಜೀರ್ಣರಸದಿಂದಲೇ ಹೊಟ್ಟೆಗೋಡೆ ಕರಗಿ ಒಡೆಯುತ್ತದೆ. ಮಾರುಕಟ್ಟೆಯಲ್ಲಿ ಹೊಟ್ಟೆ ಒಡೆದ ಬೂತಾಯಿ ಕಂಡರೆ ಅದೇ ಕಾರಣ. ಮೀನಿನಷ್ಟೇ ತೂಕದ ಪುಡಿ ಐಸ್ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಅಂಗಡಿಗಿಂತ ಧಕ್ಕೆಯಲ್ಲೇ (ಬೋಟು ಮೀನು ಇಳಿಸುವ ಕಟ್ಟೆ) ತೆಗೆದುಕೊಳ್ಳಿ.

ಪಡುಗಡಲು:

ಈಗ ದೊಡ್ಡ ಪ್ರಶ್ನೆ. ಡಯಾಟಮ್ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಇದೆ.

ಮುಂಗಾರಿನ ಗಾಳಿ ನಮ್ಮ ತೀರದ ಹತ್ತಿರ ವಾಯವ್ಯದ ಕಡೆಯಿಂದ ಬರುವಂತೆ ತಿರುಗಿ ದಡದುದ್ದಕ್ಕೂ ದಕ್ಷಿಣದ ಕಡೆ ಬೀಸುತ್ತದೆ. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ಇಲ್ಲಿ ಪಡುವಣಕ್ಕೆ, ದಡದಿಂದ ಆಚೆ ಸರಿಯುತ್ತದೆ. ಖಾಲಿಯಾದ ಜಾಗ ತುಂಬಲು ಕೆಳಗಿನ ತಣ್ಣನೆಯ, ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ತುಂಬಿದ ನೀರು ಮೇಲೇಳುತ್ತದೆ. ಬಿಸಿಲು ಬಿದ್ದ ಕೂಡಲೇ ಡಯಾಟಮ್ ಹುಲುಸು. ಈ ಅಪ್‌ವೆಲ್ಲಿಂಗ್ ಮೊದಲು ಕನ್ಯಾಕುಮಾರಿ, ಕೊಲ್ಲಂ ಕಡೆ ಮೇ–ಜೂನ್ ಹೊತ್ತಿಗೆ ಶುರುವಾಗಿ ಮೆಲ್ಲನೆ ಉತ್ತರಕ್ಕೆ ಬರುತ್ತದೆ. ನಮ್ಮಲ್ಲಿ ಜುಲೈ–ಸೆಪ್ಟೆಂಬರ್. ಗೋವಾ ದಾಟಿದರೆ ಬಹಳ ದುರ್ಬಲ. ಬೂತಾಯಿಯ ತವರು ಕೇರಳ–ಕರ್ನಾಟಕದ ತೀರ ಆಗಿರುವುದು ಆಕಸ್ಮಿಕವಲ್ಲ.

ಮೀನು ಇರುವ ಜಾಗವೂ ಹಾಗೆಯೇ ಕಿರಿದು: ಹೆಚ್ಚಾಗಿ 50 ಮೀಟರ್ ಆಳದೊಳಗಿನ ನೀರು, 26–29 ಡಿಗ್ರಿ ಉಷ್ಣತೆ. ಹಗಲು ಸ್ವಲ್ಪ ಕೆಳಗೆ, ರಾತ್ರಿ ಮೇಲೆ. ರಾತ್ರಿ ಹಿಂಡು ಓಡುವಾಗ ನೀರಿನಲ್ಲಿ ಬೆಳಕು ಏಳುವುದು ಮೀನಿನದ್ದಲ್ಲ, ಕದಡಿದ ಪ್ಲವಕದ್ದು. ಮೇಲೆದ್ದ ನೀರಿನಲ್ಲಿ ಆಮ್ಲಜನಕ ಕಡಿಮೆ. ಮಳೆಗಾಲದ ಕೊನೆಗೆ ಆ ನೀರು ತಳದಲ್ಲಿ ದಡದವರೆಗೂ ಹರಡಿದಾಗ ಮೀನಿಗೆ ಉಳಿಯುವುದು ಮೇಲಿನ ತೆಳು ಪದರ ಮಾತ್ರ. ಆಗ ಹಿಂಡುಗಳು ದಡಕ್ಕೆ ಒತ್ತಿಕೊಂಡು ಬರುತ್ತವೆ, ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರಿಗೂ ಸಿಗುತ್ತವೆ. "ಮೀನು ಹೆಚ್ಚಾಗಿದೆ" ಎಂದು ಕಾಣುವುದು ಕೆಲವೊಮ್ಮೆ ಮೀನು ಇಕ್ಕಟ್ಟಿಗೆ ಸಿಕ್ಕಿದೆ ಎಂದಷ್ಟೇ.

ನನ್ನ ಪ್ರಕಾರ ವರ್ಷದ ಭವಿಷ್ಯ ನಿರ್ಧಾರವಾಗುವುದು ಮೊಟ್ಟೆಯ ಸಂಖ್ಯೆಯಿಂದಲ್ಲ. ಮೊಟ್ಟೆಯೊಡೆದ ಮರಿಗೆ ಹೊಟ್ಟೆಯಡಿಯ ಬಂಡಾರದ (ಮೊಟ್ಟೆಯ ಹಳದಿಯ) ಚೀಲ ಕೆಲವೇ ದಿನ. ಅದು ಮುಗಿದಾಗ ಬಾಯಿಗೆ ಹಿಡಿಸುವಷ್ಟು ಸಣ್ಣ ಊಟ ಅಲ್ಲೇ, ಆಗಲೇ, ದಟ್ಟವಾಗಿ ಇರಬೇಕು. ಅಪ್‌ವೆಲ್ಲಿಂಗ್ ತಡವಾದರೆ ಮರಿ ಹಸಿದು ಸಾಯುತ್ತದೆ. ತೀರಾ ಜೋರಾದರೆ ಮರಿಯೂ ಊಟವೂ ಹೊರಗಡಲಿಗೆ ತಳ್ಳಿಹೋಗುತ್ತವೆ, ಆಮ್ಲಜನಕವಿಲ್ಲದ ನೀರು ಬೇರೆ. ಹದವಾಗಿ, ಹೊತ್ತಿಗೆ ಸರಿಯಾಗಿ ಆದ ವರ್ಷ ಮಾತ್ರ ಬಂಪರ್. ಮರಿಗಳಲ್ಲಿ ಸಾವಿರಕ್ಕೆ ಒಂದು ಉಳಿಯುವ ಬದಲು ಎರಡು ಉಳಿದರೆ ಹಿಡುವಳಿ (ಬಲೆಗೆ ಸಿಗುವ ಮೀನು) ಇಮ್ಮಡಿ. ಅಷ್ಟು ಸೂಕ್ಷ್ಮ.

ಬಲೆಕಣ್ಣು:

ಇಷ್ಟೆಲ್ಲ ಗಾಳಿ ನೀರು ಯಾಕೆ ಮಾರಾಯ್ರೆ? ಪರ್ಸೀನ್ ಬಂದ ಮೇಲೆ ಮರಿಯನ್ನೂ ಬಿಡದೆ ಬಳಿದರು, ಫಿಶ್‌ಮೀಲ್ (ಮೀನಿನ ಹಿಟ್ಟಿನ) ಕಾರ್ಖಾನೆಗೆ ಹಾಕಿದರು, ಮೀನು ಮುಗಿಯಿತು. ರಂಪಣಿ ಕಾಲದಲ್ಲಿ ಹೀಗಿರಲಿಲ್ಲ.

ಲೆಕ್ಕದ ಪುಸ್ತಕ:

ರಂಪಣಿ ಕಾಲದಲ್ಲೂ ಹೀಗಿತ್ತು, ಅದೇ ವಿಚಿತ್ರ. ಕರ್ನಾಟಕಕ್ಕೆ ಪರ್ಸೀನ್ ಬಂದದ್ದು 1970ರ ದಶಕದ ನಡುವೆ. ಆದರೆ 1940ರ ದಶಕದಲ್ಲೇ, ಎಂಜಿನ್ ದೋಣಿಯೇ ಇಲ್ಲದ ಕಾಲದಲ್ಲಿ, ಬೂತಾಯಿ ಹೆಚ್ಚುಕಡಿಮೆ ಕಾಣೆಯಾಗಿತ್ತು. ಮೀನುಗಾರರು ಮರಿ ಹಿಡಿಯುತ್ತಿರುವುದೇ ಕಾರಣವೆಂದು ಮದ್ರಾಸ್ ಸರ್ಕಾರ 1943ರಲ್ಲಿ ಕೆಲವು ಬಲೆಗಳ ಮೇಲೆ ನಿರ್ಬಂಧವನ್ನೂ ಹಾಕಿತು, ಕೆಲವು ವರ್ಷಗಳ ನಂತರ ತೆಗೆಯಿತು. 1994ರಲ್ಲಿ ಇಡೀ ದೇಶದ ಹಿಡುವಳಿ 50 ಸಾವಿರ ಟನ್‌ಗಿಂತ ಕೆಳಗೆ ಬಿತ್ತು. 2012ರಲ್ಲಿ ಅದೇ 7 ಲಕ್ಷ ಟನ್ ದಾಟಿತು. ಆ ನಡುವೆ ಬೋಟುಗಳೇನು ಕಡಿಮೆಯಾಗಿರಲಿಲ್ಲ. ಕೇರಳದ ಲೆಕ್ಕ ಇನ್ನೂ ಗಾಬರಿಯದು: 2012ರಲ್ಲಿ ಸುಮಾರು 3.99 ಲಕ್ಷ ಟನ್, 2021ರಲ್ಲಿ ಸುಮಾರು 3,300 ಟನ್, 2023ರಲ್ಲಿ ಮತ್ತೆ 1.38 ಲಕ್ಷ ಟನ್. ಮುಗಿದೇ ಹೋದ ಮೀನು ಎರಡು ವರ್ಷದಲ್ಲಿ ಹೀಗೆ ಏಳುವುದಿಲ್ಲ.

ಈಗ ಎರಡೂವರೆ ವರ್ಷದ ಆಯುಸ್ಸನ್ನು ತನ್ನಿ. ಕಡಲಿನಲ್ಲಿ ಒಂದು ಹೊತ್ತಿಗೆ ಇರುವುದು ಎರಡು ತಲೆಮಾರು, ಹೆಚ್ಚೆಂದರೆ ಮೂರು. ಇಪ್ಪತ್ತು ವರ್ಷ ಬದುಕುವ ಮೀನಾದರೆ ಎರಡು ಕೆಟ್ಟ ಮಳೆಗಾಲ ಬಂದರೂ ಹಳೆಯ ಮೀನು ದಾಸ್ತಾನಿನಂತೆ ಉಳಿದಿರುತ್ತದೆ. ಬೂತಾಯಿಗೆ ದಾಸ್ತಾನೇ ಇಲ್ಲ. ಸತತ ಎರಡು ಮಳೆಗಾಲ ಕೈಕೊಟ್ಟರೆ ಕಣಜ ಖಾಲಿ, ಒಂದು ಮಳೆಗಾಲ ಹದವಾದರೆ ಮುಂದಿನ ವರ್ಷವೇ ಕಣಜ ಭರ್ತಿ.

ಆದರೂ ನಿಮ್ಮ ಮಾತು ಪೂರ್ತಿ ತಪ್ಪು ಅಲ್ಲ. 2015ರ ಎಲ್ ನಿನೋದಂಥ ಬಿಸಿ ವರ್ಷದಲ್ಲಿ ಹುಟ್ಟಿ ಉಳಿದದ್ದೇ ಅಲ್ಪ. ಆ ಅಲ್ಪವನ್ನು ಮೊಟ್ಟೆ ಇಡುವ ಮೊದಲೇ, 9–10 ಸೆಂಟಿಮೀಟರ್ ಇರುವಾಗ ಬಳಿದರೆ ಚೇತರಿಕೆ ಎರಡು ವರ್ಷದ ಬದಲು ಐದು ವರ್ಷ ತೆಗೆದುಕೊಳ್ಳುತ್ತದೆ. ಇಳಿಯಲು ಶುರುಮಾಡಿಸುವುದು ಕಡಲು, ಏಳಲು ಬಿಡದೆ ಒತ್ತುವುದು ಬಲೆ. ಕೇರಳ 10 ಸೆಂಟಿಮೀಟರ್ ಒಟ್ಟು ಉದ್ದಕ್ಕಿಂತ ಸಣ್ಣ ಮತ್ತಿ ಹಿಡಿಯುವಂತಿಲ್ಲ ಎಂದು ನಿಯಮ ಮಾಡಿದೆ. ಮೊದಲ ಮೊಟ್ಟೆ 15ರ ಸುಮಾರಿಗೆ ಎಂದಾದ ಮೇಲೆ 10 ನನಗೆ ತೀರಾ ಉದಾರ ಅನಿಸುತ್ತದೆ. ಆದರೆ 15 ಎಂದು ಮಾಡಿದರೆ ಅಕ್ಟೋಬರ್‌ನಿಂದ ಜನವರಿವರೆಗೆ, ಕೊಬ್ಬು ತುಂಬಿ ಬೆಲೆ ಬರುವ ಕಾಲದಲ್ಲೇ, ಬಹುಪಾಲು ಮೀನು ಹಿಡಿಯುವಂತಿಲ್ಲ ಎಂದಾಗುತ್ತದೆ. ಯಾವ ಧಕ್ಕೆಯಲ್ಲೂ ಅದು ನಡೆಯುವ ಮಾತಲ್ಲ. ಫಿಶ್‌ಮೀಲ್‌ನ ಮಾತು ಒಪ್ಪುತ್ತೇನೆ: ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು, ಅಲ್ಲಿ ಮೀನಿನ ಅಳತೆಯನ್ನು ಕೇಳುವವರಿಲ್ಲ. ತಿನ್ನುವವರು ಬೇಡವೆಂದ ಮರಿಗೂ ಗಿರಾಕಿ ಇದ್ದಾನೆ ಅಂದಾಗ ಬಲೆ ಎತ್ತದೆ ಬಿಡುವವರು ಯಾರು?

ಬಲೆಕಣ್ಣು:

1943ರ ವಿಷಯ ಗೊತ್ತಿರಲಿಲ್ಲ. ಫಿಶ್‌ಮೀಲ್ ಬಗ್ಗೆ ಹೇಳಿದ್ದಕ್ಕೆ ನನ್ನ ಮಾತು ಹಾಗೆಯೇ ಇರಲಿ.

ಅಳಿವೆಬಾಗಿಲು:

ಉಳಿದ ಮೀನುಗಳಲ್ಲಿ ಕಡ್ಡಿ ಎಣಿಸಿದೆವು. 40ರಲ್ಲಿ 37ಕ್ಕೆ 9 ಕಡ್ಡಿ, 3ಕ್ಕೆ 8 ಕಡ್ಡಿ ಮತ್ತು ಬೆನ್ನಿನ ರೆಕ್ಕೆಯ ಬುಡದಲ್ಲಿ ಚುಕ್ಕೆ. ಆ ಮೂರನ್ನು ತೆಗೆದಿಟ್ಟಿದ್ದೇವೆ. ಎರಡು ಸಣ್ಣ ಪ್ರಶ್ನೆ ಉಳಿದವು. ಅಂಗಡಿಯಲ್ಲಿ "ಒಮಾನ್ ಬೂತಾಯಿ" ಎಂದು ಮಾರುವುದು ಇದೇ ಜಾತಿಯೇ? ಮೊಟ್ಟೆಗಟ್ಟಿದ ಮೀನಿಗೆ ಜೂನ್–ಜುಲೈ ಸ್ಯಾಂಪಲ್ ಬೇಕೇ ಬೇಕು, ಆದರೆ ಆಗ ಮೀನುಗಾರಿಕೆಯೇ ಬಂದ್ ಅಲ್ಲವೇ?

ಧಕ್ಕೆಯ ಮೂಲೆ:

ಜಾತಿ ಅದೇ, ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಏಡನ್ ಕೊಲ್ಲಿ, ಒಮಾನ್, ಪಾಕಿಸ್ತಾನದ ತೀರಗಳಲ್ಲೂ ಇದೆ. ಆದರೆ ತಳಿಗುಣದಲ್ಲಿ ಅಲ್ಲಿನದ್ದು ನಮ್ಮದರಿಂದ ಬೇರೆಯಾದ ಗುಂಪು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು (ಸಿಎಂಎಫ್‌ಆರ್‌ಐ) ಇದನ್ನು ತೋರಿಸಿದ್ದಾರೆ. 2023ರಲ್ಲಿ ಈ ಮೀನಿನ ಪೂರ್ತಿ ಜೀನೋಮನ್ನೂ ಅವರೇ ಪ್ರಕಟಿಸಿದರು. ಒಮಾನ್ ಮೀನಿನಲ್ಲಿ ಕಡ್ಡಿಯೂ 9, ರೇಕರ್ ಕೂಡ ಮಖಮಲ್, ನಿಮ್ಮ ಯಾವ ಪರೀಕ್ಷೆಯೂ ಅದನ್ನು ಹಿಡಿಯುವುದಿಲ್ಲ. ಅಂಗಡಿಯ ಮೀನು ಬೇಡ ಎಂದದ್ದಕ್ಕೆ ಇದೇ ಮುಖ್ಯ ಕಾರಣ. ಹೆಪ್ಪುಗಟ್ಟಿಸಿ ತಂದದ್ದಾದರೆ ಕಣ್ಣು ಬಿಳಿಯಾಗಿ, ಮಾಂಸ ಬೆರಳೊತ್ತಿದರೆ ಮೇಲೇಳದೆ, ಅಂಡಾಶಯ ಕರಗಿದಾಗ ನೀರೊಡೆದಂತೆ ಇರುತ್ತದೆ. ತೂಕವೂ ಸರಿ ಬರುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳು ಕಡಲು ಬಿಟ್ಟ ದಿನ ಹೋಗುತ್ತವೆ. ಮೊಟ್ಟೆಗಟ್ಟಿದ ಮೀನು ನಿಮಗೆ ಸಿಗುವುದು ಅವರ ಪಟ್ಟಬಲೆಯಲ್ಲೇ. ಮೊದಲೇ ಮಾತಾಡಿಟ್ಟುಕೊಂಡು, ದೋಣಿ ದಡ ಹತ್ತುವಾಗಲೇ 25–30 ಮೀನು ತೆಗೆದುಕೊಳ್ಳಿ, ಬಲೆಕಣ್ಣಿನ ಅಳತೆ ಕೇಳಿ ಬರೆದುಕೊಳ್ಳಿ. ಎರಡು ವಾರಕ್ಕೊಂದು ಸಲ ಎಂದು ಯೋಜನೆ ಹಾಕಿದರೂ ಕಡಲು ಎದ್ದಿರುವಾಗ ಒಂದೆರಡು ತಪ್ಪುತ್ತವೆ. ತಪ್ಪಿದ ವಾರವನ್ನು ಖಾಲಿ ಬಿಡಿ, ಮಾರುಕಟ್ಟೆಯ ಐಸ್ ಮೀನಿನಿಂದ ತುಂಬಬೇಡಿ. ಆ ಎರಡು ತಿಂಗಳು ಅಂಗಡಿಯಲ್ಲಿರುವ ಬೂತಾಯಿ ಪೂರ್ವ ಕರಾವಳಿಯದ್ದೋ ಒಮಾನಿನದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು.